ಗಿರಿಯಪ್ಪನವರ ಅರ್ಧ ಗೋವಿಂದ

ಗಿರಿಯಪ್ಪನವರು ತಮ್ಮ ಮನೆಯೊಳಗೆ ದೇವರ ಹೆಸರನ್ನು ಪೂರ್ತಿ ಹೇಳುತ್ತಿರಲಿಲ್ಲ. ಮುಸ್ಸಂಜೆ ದೀಪ ಹಚ್ಚಿ, ಹೊಸ್ತಿಲ ಬಳಿ ನಿಂತು, ಎದೆ ತುಂಬ ಉಸಿರೆಳೆದು "ಗೋ..." ಎನ್ನುತ್ತಿದ್ದರು. ಬೀದಿಯ ಆ ತುದಿಗೆ ಕೇಳುವಂಥ ಗಂಟಲು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಉಳಿದ "ವಿಂದಾ" ಅಡುಗೆಮನೆಯಿಂದ ಬರಬೇಕು. ಅದು ಅವರ ಹೆಂಡತಿ ಸಣ್ಣಕ್ಕನ ಪಾಲು. ಆಕೆ ತಲೆಯೆತ್ತದೆ, ಒಗ್ಗರಣೆ ಸದ್ದಿನ ನಡುವೆ, ಹಾಲಿನವನಿಗೆ ಉತ್ತರ ಕೊಟ್ಟ ಹಾಗೆ ಅಂದುಬಿಡುತ್ತಿದ್ದರು.

ಹೊಸದುರ್ಗದ ಪಶು ಆಸ್ಪತ್ರೆಗೆ ಕೆಲಸಕ್ಕೆ ಬಂದಾಗ ನಾನು ಅವರ ಮನೆಯ ಇನ್ನೊಂದು ಭಾಗವನ್ನು ಬಾಡಿಗೆಗೆ ಹಿಡಿದಿದ್ದೆ. ನಡುವೆ ಒಂದೇ ಗೋಡೆ, ಅದೂ ಮಾಡಿನ ತನಕ ಮುಟ್ಟಿರಲಿಲ್ಲ. ಅವರ ಕೆಮ್ಮು, ಜಗಳ, ಹುರುಳಿ ಸಾರಿನ ಘಮ ಎಲ್ಲವೂ ನನ್ನ ಕಡೆಗೂ ಬರುತ್ತಿತ್ತು. ಒಂಟಿಯಾಗಿದ್ದ ನನಗೆ ಅದೇ ಸಂಸಾರ. ಎಷ್ಟೋ ಸಂಜೆ ಆ ಗೋವಿಂದ ಕೇಳಿದ ಮೇಲೇ ನಾನು ಒಲೆ ಹಚ್ಚುತ್ತಿದ್ದದ್ದು.

ಗಿರಿಯಪ್ಪನವರದು ದಾಸಯ್ಯಗಳ ಮನೆತನ. ಶ್ರಾವಣದ ಶನಿವಾರಗಳಲ್ಲಿ ಹಣೆಗೆ ಉದ್ದ ನಾಮ ಬಳಿದುಕೊಂಡು, ಶಂಖ ಜಾಗಟೆ ಹಿಡಿದು ಮನೆ ಮನೆಗೆ ಹೋಗುವರು. ಆಗ ಮಾತ್ರ ಹೆಸರು ಪೂರ್ತಿ. ಉಳಿದ ದಿನ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ. ಅಲ್ಲಿ ಕೂರುವಾಗ "ಗೋ", ಏಳುವಾಗ "ಗೋ", ಆಕಳಿಸಿದರೂ "ಗೋ". ಏನಾದರೂ ಕಳೆದುಹೋದಾಗ ಜನ "ಗೋವಿಂದ ಆಯ್ತು" ಎನ್ನುವುದು ಅವರಿಗೆ ಸುತರಾಂ ಆಗುತ್ತಿರಲಿಲ್ಲ. "ನೀನು ಕಳಕಂಡಿದ್ದಕ್ಕೆ ಅವನ ಹೆಸರು ಯಾಕಲೇ ಕೆಡಿಸ್ತೀಯ?" ಎಂದು ಮಂಡಿಯ ಹುಡುಗರ ಮೇಲೆ ರೇಗುತ್ತಿದ್ದರು.

"ಅಜ್ಜ, ಬೇರೆಯವರಿಗೆ ಇಷ್ಟು ಬುದ್ಧಿ ಹೇಳ್ತೀರಿ, ನೀವೇ ಅರ್ಧಕ್ಕೆ ನಿಲ್ಲಿಸ್ತೀರಲ್ಲ?" ಎಂದು ಒಮ್ಮೆ ಕೆಣಕಿದೆ.

"ಪೂರ್ತಿ ಕರೆದ್ರೆ ಅವನು ಎದ್ದು ಬರಬೇಕಾಗ್ತೈತೆ ಕಣವ್ವ. ಸುಮ್ನೆ ಕುಂತಿರೋನನ್ನ ದಿನಾ ಯಾಕೆ ಎಬ್ಬಿಸಾದು? ಅರ್ಧ ಅಂದ್ರೆ, ಇವರು ಅದಾರೆ ಅಂತ ತಿಳ್ಕಂತಾನೆ. ಅಷ್ಟು ಸಾಕು."

ಸಣ್ಣಕ್ಕ ಒಳಗಿಂದಲೇ ಬಾಯಿ ಹಾಕಿದರು. "ಅದೆಲ್ಲ ಸುಳ್ಳು, ನಂಬಬ್ಯಾಡ. ಮದುವೆ ಆದ ಹೊಸದ್ರಾಗೆ ಪೂರ್ತಿನೇ ಅಂತಿದ್ರು. ನಾನು ಹಿಂದೆ ಅನ್ನಬೇಕಿತ್ತು. ಬರ್ತಾ ಬರ್ತಾ ಅರ್ಧ ನನ್ ತಲಿಗೆ ಕಟ್ಟಿದ್ರು. ಮನೆ ಕೆಲಸೆಲ್ಲ ನಂದು, ದೇವರ ಹೆಸರೂ ನಂದೇಯ."

ಗಿರಿಯಪ್ಪನವರು ಮೀಸೆಯಡಿ ನಕ್ಕರು. ಆ ಮನೆಯಲ್ಲಿ ಪ್ರೀತಿ ಅನ್ನುವ ಪದವನ್ನು ಯಾರೂ ಆಡಿದ್ದು ನಾನು ಕೇಳಿಲ್ಲ.

ಸಣ್ಣಕ್ಕನಿಗೆ ಉಬ್ಬಸ ಮೊದಲಿಂದ ಇತ್ತು. ಆ ವರ್ಷದ ಚಳಿಗೆ ಹೆಚ್ಚಾಯಿತು. ಹಾಸಿಗೆ ಹಿಡಿದರೂ ದೀಪದ ಹೊತ್ತಿಗೆ ಮಲಗಿದಲ್ಲಿಂದಲೇ "ವಿಂದಾ" ಎನ್ನುತ್ತಿದ್ದರು. ದನಿ ಸಣ್ಣಗಾಗುತ್ತ ಹೋಯಿತು. ಒಂದು ಸಂಜೆ ನಾನು ಅಕ್ಕಿ ತೊಳೆಯುತ್ತಿದ್ದಾಗ ಗೋಡೆಯಾಚೆಯಿಂದ "ಗೋವಿಂದಾ" ಎಂದು ಕೇಳಿಸಿತು. ಪೂರ್ತಿ ಹೆಸರು, ಗಿರಿಯಪ್ಪನವರ ಒಂದೇ ಗಂಟಲಿನಲ್ಲಿ. ದೇವರು ಎದ್ದು ಬರಲೆಂದೇ ಕರೆದಿದ್ದರು ಅವರು. ಮಾರನೆಯ ದಿನ ಸಣ್ಣಕ್ಕನನ್ನು ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಒಯ್ದರು. ಆಕೆ ಜೀವಂತವಾಗಿ ಮರಳಲಿಲ್ಲ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಗಿರಿಯಪ್ಪನವರು ಮತ್ತೆ ದೀಪ ಹಚ್ಚಿದರು. "ಗೋ..." ಎಂದರು. ಆಮೇಲೆ ಏನೂ ಇಲ್ಲ. ಎದುರು ಮನೆಯವರು ಟಿವಿ ಸದ್ದು ತಗ್ಗಿಸಿದರು. ನಾನೂ ಕಾದೆ. ಅವರು ಉಳಿದದ್ದನ್ನು ಹೇಳಲೇ ಇಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಹಾಕಿಕೊಂಡ ಸದ್ದಾಯಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಕೊನೆಗೊಂದು ಸಂಜೆ ತಡೆಯಲಾರದೆ, ನನ್ನ ಅಡುಗೆಮನೆಯಿಂದಲೇ "ವಿಂದಾ" ಅಂದುಬಿಟ್ಟೆ.

ಆಮೇಲೆ ಗಿರಿಯಪ್ಪನವರು ನನ್ನ ಬಾಗಿಲಿಗೆ ಬಂದರು. ಕೈಯಲ್ಲೊಂದು ಸುಲಿದ ಕಾಯಿ. ಬರಿಗೈಯಲ್ಲಿ ಬಂದರೆ ಜಗಳಕ್ಕೆ ಬಂದಂತಾಗುತ್ತದೆ ಎಂದು ತಂದಿದ್ದರೋ ಏನೋ.

"ಕುಂತ್ಕಳ್ರಿ ಅಜ್ಜ" ಎಂದೆ. ಕೂರಲಿಲ್ಲ.

"ಅವ್ವಾ, ನೀನು ಅನ್ನಬ್ಯಾಡ. ನಿನ್ ಮನಸ್ಸು ನಂಗೆ ಗೊತ್ತೈತೆ. ಆದ್ರೆ ಆ ಜಾಗ ಅವಳ್ದು. ನೀನು ತುಂಬಿಬಿಟ್ರೆ ಅವಳು ಎಲ್ಲಿ ಕುಂತ್ಕಬೇಕು?"

ಕಾಯಿಯನ್ನು ಕಟ್ಟೆಯ ಮೇಲಿಟ್ಟು ಹೋದರು. ಮೌನವನ್ನು ನಾನು ಖಾಲಿ ಅಂದುಕೊಂಡಿದ್ದೆ, ಅವರಿಗೆ ಅಲ್ಲಿ ಹೆಂಡತಿ ಇದ್ದಳು.

ಮಂಡಿಯ ಕೆಲಸ ಕೈಲಾಗದಾದಾಗ, ಮದುವೆಯಾಗಿ ಹೋಗಿದ್ದ ಅವರ ಮಗಳು ಬಂದು ತಂದೆಯನ್ನು ಹೊಳಲ್ಕೆರೆ ಕಡೆಯ ತನ್ನೂರು ಬಿ.ದುರ್ಗಕ್ಕೆ ಕರೆದೊಯ್ದಳು. ಅಡಿಕೆ ಸುಲಿಯುವ ಹೆಂಗಸರು, ಮೊಮ್ಮಕ್ಕಳು, ಬಂದುಹೋಗುವವರು, ಮನೆ ತುಂಬ ಜನ. ಆ ಕಡೆ ಕುರಿಗಳಿಗೆ ಲಸಿಕೆ ಹಾಕಲು ಹೋದಾಗ ನೋಡಿಕೊಂಡು ಬರೋಣವೆಂದು ಹೋದೆ. ಮಗಳು ಕಾಫಿ ಕೊಡುತ್ತ ದೂರು ಹೇಳಿದಳು. "ಊಟಕ್ಕೆ ಏನೂ ಕಷ್ಟ ಇಲ್ಲ ಮೇಡಂ. ದೀಪ ಹಚ್ಚೋ ಹೊತ್ತಿಗೆ ಮಾತ್ರ ಮನೇಲಿ ಇರಲ್ಲ. ನಮ್ಮ ಮಕ್ಕಳೆಲ್ಲ ಗೋವಿಂದಾ ಅಂತ ಕೂಗೋಕೆ ಕಾಯ್ತಾ ಇರ್ತಾವೆ, ಅಪ್ಪ ಎದ್ದು ಹೋಗಿಬಿಡುತ್ತೆ."

ನನಗೆ ತಕ್ಷಣ ಅರ್ಥವಾಯಿತು. ಕಾಫಿ ಮುಗಿಸಿ ಲೋಟ ಒಳಗಿಟ್ಟು ಬಂದೆ.

ಹೊತ್ತು ಮುಳುಗುವಾಗ ಗಿರಿಯಪ್ಪನವರು ಕೋಲು ಹಿಡಿದು ಎದ್ದರು. "ಬಾರವ್ವ, ಬಸ್ ಸ್ಟ್ಯಾಂಡಿನ ತನಕ ಬರ್ತೀನಿ" ಎಂದರು. ಹಿತ್ತಲು ದಾಟಿ, ಯಾರೂ ಇಲ್ಲದ ರಾಗಿ ಹೊಲದ ಬದುವಿನಲ್ಲಿ ನಿಂತರು. "ಗೋ..." ಎಂದರು. ಗಂಟಲಲ್ಲಿ ಮೊದಲಿನ ಕಸುವಿರಲಿಲ್ಲ. ನಾನು ತುಟಿ ಕಚ್ಚಿಕೊಂಡು ನಿಂತೆ. ಅವರು ಸ್ವಲ್ಪ ತಲೆ ವಾರೆ ಮಾಡಿ ಕೇಳಿಸಿಕೊಂಡರು. ಆಮೇಲೆ "ಹೋಗಾಣ ನಡಿ, ನಿಂಗೆ ಬಸ್ ತಪ್ತೈತೆ" ಎಂದರು.

ಮುಂದಿನ ಶ್ರಾವಣಕ್ಕೆ ಮೊದಲೇ ಮಗಳ ಫೋನ್ ಬಂತು. ನಾನು ಹೋದಾಗ ಮಣ್ಣು ಮಾಡುವ ಹೊತ್ತಾಗಿತ್ತು. ಸುತ್ತಿನ ಊರಿನ ದಾಸಯ್ಯಗಳೆಲ್ಲ ಬಂದಿದ್ದರು. ಶಂಖ ಊದಿದರು, ಜಾಗಟೆ ಬಡಿದರು. ಮುಂದೆ ನಿಂತಿದ್ದವರು ಹೆಸರೆತ್ತಿದ ಕೂಡಲೇ ನೆರೆದ ಜನರೆಲ್ಲ ಒಟ್ಟಿಗೆ "ಗೋವಿಂದಾ, ಗೋವಿಂದ" ಎಂದು ಕೂಗಿದರು. ಒಂದಕ್ಕೊಂದು ಹತ್ತಿಕೊಂಡು, ನಡುವೆ ಉಸಿರಾಡಲೂ ಎಡೆಯಿಲ್ಲದಂತೆ ಕೂಗಿದರು. ಸಣ್ಣಕ್ಕನಿಗೆಂದು ಯಾರೂ ಜಾಗ ಬಿಡಲಿಲ್ಲ.