ಅಟ್ಟದ ಮೇಲಿದ್ದ ಒಂಬತ್ತು ಪ್ಲೇಟು

ನನ್ನ ಸೋದರತ್ತೆ ತೀರಿಕೊಂಡ ಮೂರನೆಯ ತಿಂಗಳು ರೇಡಿಯೋದಲ್ಲಿ ಅವರ ಬಗ್ಗೆ ಕಾಲು ಗಂಟೆಯ ಕಾರ್ಯಕ್ರಮ ಬಂತು. ಬೆಳಿಗ್ಗೆ ಏಳೂಕಾಲಿಗೆ. ನಾನು ಏಳಕ್ಕೆಲ್ಲ ಸ್ನಾನ, ತಿಂಡಿ ಮುಗಿಸಿ ರೇಡಿಯೋ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಐವತ್ತರ ದಶಕದಲ್ಲಿ ಮದುವೆ ಮನೆಯ ಮೈಕುಗಳಲ್ಲೆಲ್ಲ ಇವರದೇ ದನಿ ಇತ್ತು ಎಂದು ಹೇಳಿದರು. ಆಮೇಲೆ, ಅವರು ತಮ್ಮ ಗ್ರಾಮಫೋನ್ ಪ್ಲೇಟುಗಳನ್ನು ಜೋಪಾನ ಮಾಡಲಿಲ್ಲವಾದ್ದರಿಂದ ಇಂದು ಒಂದು ಹಾಡನ್ನೂ ಕೇಳಿಸಲಾಗುತ್ತಿಲ್ಲ ಎಂದರು.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನನ್ನ ಮುಖ ನೋಡಿದಳು. ಒಳಗೆ ಹೋದಳು.

ಆ ಮಾತು ಸುಳ್ಳು. ಅದನ್ನು ಹುಟ್ಟಿಸಿದವನು ನಾನು.

ಅತ್ತೆ ನನ್ನ ತಂದೆಯ ಕೊನೆಯ ತಂಗಿ. ದಂಡಿನಶಿವರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಏಳನೆಯ ತರಗತಿ ಓದಿದರು. ಹಾಡು ಕಲಿಸಲು ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರನ್ನು ಮದುವೆಯಾಗಿ ಬೆಂಗಳೂರಿಗೆ ಹೋದರು. ಮನೆಯವರು ಒಪ್ಪಿ ಮಾಡಿದ ಮದುವೆಯಲ್ಲ. ಅಲ್ಲಿಂದ ಮದರಾಸಿಗೆ ಕರೆಸಿಕೊಂಡು ಒಂದು ಗ್ರಾಮಫೋನ್ ಕಂಪನಿಯವರು ಅವರ ಹಾಡು ಮುದ್ರಿಸಿದರು. ದೇವರ ನಾಮವಲ್ಲ, ನಾಟಕದ ಹಾಡಲ್ಲ, ಬರೀ ಹುಡುಗ ಹುಡುಗಿಯರ ಹಾಡು. ಬಾವಿಗೆ ಹೋದವಳು ಹಗ್ಗ ಮರೆತದ್ದು, ಬಸ್ಸಿಗೆ ಕಾದವಳು ಬಸ್ಸು ಬಂದರೂ ಹತ್ತದೆ ನಿಂತದ್ದು, ಇಂಥವು. ಒಂಬತ್ತು ಪ್ಲೇಟು, ಹದಿನೆಂಟು ಹಾಡು. ತಿಪಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನಲ್ಲಿ ಆ ಪ್ಲೇಟುಗಳನ್ನು ದಿನವೂ ಹಾಕುತ್ತಿದ್ದರು. ತಂದೆ ಆ ಹೋಟೆಲಿನ ಮುಂದೆ ಹಾಯದೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದರು.

ಹತ್ತು ವರ್ಷ ನಡೆಯಿತು. ಆಮೇಲೆ ಜನಕ್ಕೆ ಸಿನಿಮಾದ ಹಾಡೇ ಬೇಕಾಯಿತು, ಬೇರೆ ದನಿಗಳು ಬಂದವು, ಕಂಪನಿಯವರು ಕರೆಯುವುದನ್ನು ಬಿಟ್ಟರು. ಅತ್ತೆ ಮಕ್ಕಳಿಗೆ ಪಾಠ ಹೇಳಿ ಬದುಕಿದರು. ಗಂಡ ಹೋದ ಮೇಲೆ, ತೊಂಬತ್ತರ ದಶಕದ ನಡುವೆ, ತಿಪಟೂರಿಗೆ ಬಂದು ತಗಡಿನ ಮಾಡಿನ ಸಣ್ಣ ಮನೆಯೊಂದನ್ನು ಬಾಡಿಗೆಗೆ ಹಿಡಿದರು.

ನಾನು ಆಗ ಹೈಸ್ಕೂಲಿನ ಹೆಡ್‌ಮಾಸ್ಟರ್. ಓದಿದ್ದು ಮಠದ ಹಾಸ್ಟೆಲಿನಲ್ಲಿ. ಐದಕ್ಕೆ ಗಂಟೆ, ಐದೂವರೆಗೆ ಪ್ರಾರ್ಥನೆ, ಹಾಸಿಗೆ ಸುತ್ತಿಡುವುದಕ್ಕೂ ಒಂದು ಕ್ರಮ. ಆ ಗಂಟೆ ಈಗಲೂ ನನ್ನೊಳಗೆ ಹೊಡೆಯುತ್ತದೆ. ಅತ್ತೆಯನ್ನು ನೋಡುವುದಕ್ಕೂ ಒಂದು ವೇಳೆ ಗೊತ್ತುಮಾಡಿಕೊಂಡಿದ್ದೆ. ತಿಂಗಳ ಎರಡನೆಯ ಭಾನುವಾರ, ಹತ್ತರಿಂದ ಹನ್ನೊಂದು. ಹನ್ನೊಂದೂಕಾಲರ ಬಸ್ಸಿಗೆ ನೊಣವಿನಕೆರೆ ಕಡೆಗಿನ ನನ್ನ ಮನೆಗೆ ವಾಪಸ್ಸು. ಪ್ಲೇಟಿನ ಹಾಡಿನವರು ನನ್ನ ಅತ್ತೆ ಎಂದು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವರಿಗೆ ಇದು ಗೊತ್ತಿತ್ತು. ಅದಕ್ಕೇ ನನ್ನನ್ನು 'ಮೇಷ್ಟ್ರೇ' ಎಂದು ಛೇಡಿಸುತ್ತಿದ್ದರು.

"ನಿಮ್ಮ ಪೀರಿಯಡ್ಡು ಎಷ್ಟು ನಿಮಿಷ ಮೇಷ್ಟ್ರೇ?"

"ನಲವತ್ತು."

"ಪುಣ್ಯವಂತ. ನಂಗೆ ಮೂರೇ ನಿಮಿಷ. ಅಷ್ಟರೊಳಗೆ ಪ್ರೀತಿ ಹುಟ್ಟಬೇಕು, ಮುರೀಬೇಕು, ಅಳಬೇಕು, ಮುಗೀಬೇಕು. ತಬಲಾದವನು ಕೆಮ್ಮಿದರೆ ಮತ್ತೆ ಮೊದಲಿಂದ ಪ್ರೀತಿ ಹುಟ್ಟಬೇಕು."

ನಾನು ನಿವೃತ್ತನಾದ ಮಾರನೆಯ ವರ್ಷ ಬೆಂಗಳೂರಿನಿಂದ ಅವರಿಗೆ ಒಂದು ಪತ್ರ ಬಂತು. ಬರೆದವರು ಹಳೆಯ ಪ್ಲೇಟು ಸಂಗ್ರಹಿಸುವ ಒಬ್ಬ ಹಿರಿಯರು. ನಿಮ್ಮ ಹಾಡಿನ ಮೂಲಪ್ರತಿ ಕಂಪನಿಯಲ್ಲೂ ಉಳಿದಿಲ್ಲ, ನಿಮ್ಮ ಹತ್ತಿರ ಪ್ಲೇಟುಗಳಿದ್ದರೆ ಜೂನ್ ತಿಂಗಳಲ್ಲಿ ಯಂತ್ರ ತಂದು ಹದಿನೆಂಟು ಹಾಡನ್ನೂ ಕ್ಯಾಸೆಟ್ಟಿಗೆ ಇಳಿಸಿಕೊಡುತ್ತೇನೆ, ರೇಡಿಯೋಕ್ಕೂ ಕೊಡುತ್ತೇನೆ ಎಂದಿದ್ದರು. ಅತ್ತೆ ತಮ್ಮ ಗ್ರಾಮಫೋನನ್ನು ಗಂಡನ ಕಾಯಿಲೆಯ ಕಾಲದಲ್ಲಿ ಮಾರಿದ್ದರು. ತಮ್ಮ ದನಿಯನ್ನು ತಾವೇ ಕೇಳಿ ಇಪ್ಪತ್ತು ವರ್ಷವಾಗಿತ್ತು.

"ರೇಡಿಯೋ ಏನಾದ್ರೂ ಮಾಡ್ಕೊಳ್ಲಿ ಬುಡು. ನಂಗೆ ಒಂದ್ಸಲ ಕೇಳಬೇಕು ಕಣಪ್ಪ, ಆ ಹುಡುಗಿ ಹೆಂಗೆ ಹಾಡ್ತಿದ್ಲು ಅಂತ," ಎಂದರು.

ಆ ಬೇಸಿಗೆಯಲ್ಲಿ ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಬೇಕಿತ್ತು. ಬೆಂಗಳೂರಿನಲ್ಲಿ ಹಳೆಯ ಶಿಷ್ಯೆಯ ಮನೆಯಲ್ಲಿ ಎರಡು ತಿಂಗಳು ಇರುವುದೆಂದು ತೀರ್ಮಾನವಾಯಿತು. ಹೊರಡುವ ಮುಂಚೆ ಪ್ಲೇಟುಗಳಿದ್ದ ಟ್ರಂಕನ್ನು ನನ್ನ ಮುಂದೆ ಇಟ್ಟರು.

"ಇಲ್ಲಿ ಮೇಲೆ ತಗಡು, ಏಪ್ರಿಲ್ಲಲ್ಲಿ ಕಾದ ಹೆಂಚಾಗ್ತದೆ. ಇಷ್ಟು ವರ್ಷ ಬೇಸಿಗೇಲಿ ಒದ್ದೆ ಗೋಣಿ ಸುತ್ತಿ ಕಾಪಾಡ್ಕೊಂಡಿದೀನಿ. ನಿಮ್ಮದು ತಣ್ಣಗಿರೋ ಮನೆ. ನಡುಮನೇಲಿ ಇಡು. ನಿಲ್ಲಿಸಿ ಇಡು, ಮಲಗಿಸಬ್ಯಾಡ. ವಸ್ತು ಇಡೋದು ಅಂದ್ರೆ ನಿನ್ನ ಕೈಲೇ ಇರಬೇಕು."

ಒಂದೊಂದೇ ಪ್ಲೇಟು ತೆಗೆದು ತೋರಿಸಿದರು. ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ನಡುಮನೆಯಲ್ಲಿ ಜಾಗವಿರಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಬೀರುವನ್ನು ಒಂದು ಗೇಣು ಸರಿಸಬೇಕಿತ್ತು. ಬೀರು ಇದ್ದ ಕಡೆ ಇರಬೇಕು ಎನ್ನುವುದು ನನ್ನ ಕ್ರಮ. ಟ್ರಂಕನ್ನು ಅಟ್ಟಕ್ಕೆ ಏರಿಸಿದೆ.

ನಮ್ಮ ಕಡೆ ಬೆಲೆ ಬಾಳುವುದೆಲ್ಲ ಅಟ್ಟಕ್ಕೇ ಹೋಗುತ್ತದೆ. ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹರಡಿದರೆ ವರ್ಷದಲ್ಲಿ ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ಮೇಲೆ ಹೆಂಚಿನ ಕಾವು, ಕೆಳಗೆ ಒಲೆಯ ಹೊಗೆ. ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಬಿತ್ತನೆ ರಾಗಿ, ತಾತನ ಕಾಲದ ಪತ್ರಗಳು, ಹೆಂಡತಿಯ ಹಿತ್ತಾಳೆ ಪಾತ್ರೆ, ಎಲ್ಲ ಅಲ್ಲೇ ಇದ್ದವು. ನಮ್ಮ ಅಟ್ಟದಲ್ಲಿ ಒಂದು ಕಾಯಿಯೂ ಕೆಡುವುದಿಲ್ಲ ಎಂದು ನಾನು ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದೆ. ಟ್ರಂಕು ಎತ್ತರವಾಗಿ ತೊಲೆಗೆ ತಾಗಿತು. ಮಗ್ಗುಲಾಗಿ ಮಲಗಿಸಿದೆ.

"ಅಲ್ಲಿ ಬ್ಯಾಡ ಕಣ್ರೀ. ಕೆಳಗೆ ಬಚ್ಚಲ ಒಲೆ ಐತಲ್ಲ," ಎಂದಳು ಹೆಂಡತಿ.

"ಬಿಸಿಲು ಬೀಳಬಾರದು ಅಷ್ಟೆ. ಅಲ್ಲಿ ಕತ್ತಲೆ."

"ಕೊಬ್ಬರಿ ಮಾಡೋಕೆ ಇಟ್ಟಂಗಾಯ್ತು," ಎಂದು ನಕ್ಕಳು.

ಪ್ಲೇಟು ಅರಗಿನದು. ಮೂವತ್ತೆರಡು ವರ್ಷ ನಾನು ಕಲಿಸಿದ್ದು ವಿಜ್ಞಾನ. ಕಾವಿಗೆ ಯಾವುದು ಹಿಗ್ಗುತ್ತದೆ, ಯಾವುದು ಮೆತ್ತಗಾಗುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಮಾರನೆಯ ವಾರ ಹೊಸ ಕಾಯಿ ಬಂತು. ಟ್ರಂಕಿನ ಸುತ್ತಲೂ ಮೇಲೂ ತುಂಬಿಸಿದೆ. ಎರಡು ತಿಂಗಳು ದಿನವೂ ಐದೂವರೆಗೆ ನಾನೇ ಕೆಳಗೆ ಕೂತು ಕಾಯಿಮಟ್ಟೆ ಹಾಕಿ ಬಚ್ಚಲ ಒಲೆ ಉರಿಸಿದೆ.

ಜೂನ್ ಮೊದಲ ವಾರ ಅತ್ತೆ ಹಿಂತಿರುಗಿದರು. ಭಾನುವಾರ ಸಂಗ್ರಾಹಕರು ಬರುವವರಿದ್ದರು. ಶುಕ್ರವಾರ ಸಂಜೆ ನಾಲ್ಕಕ್ಕೆ ಟ್ರಂಕು ಇಳಿಸಿ ತೆರೆದೆ. ಮೇಲಿನ ಪ್ಲೇಟು ಕೆಂಡದ ಮೇಲೆ ಸುಟ್ಟ ಹಪ್ಪಳದ ಹಾಗೆ ಅಂಚು ಎತ್ತಿಕೊಂಡಿತ್ತು. ಕೆಳಗಿನವೂ ಹಾಗೇ. ಎರಡು ಒಂದಕ್ಕೊಂದು ಅಂಟಿದ್ದವು. ಒಂದನ್ನು ಮಣೆಯ ಮೇಲಿಟ್ಟು ಒರಳುಗುಂಡಿನ ಭಾರ ಹೇರಿದೆ. ಅದು ಎರಡು ಹೋಳಾಯಿತು.

"ಹೋಗಿ ಹೇಳಿಬುಡ್ರೀ," ಎಂದಳು ಹೆಂಡತಿ. "ಅತ್ತೆ ಏನು ಹೊಡೀತಾರಾ?"

"ಹೇಳ್ತೀನಿ," ಎಂದೆ. ಹೇಳುವ ಮನಸ್ಸು ಇತ್ತು. ಆದರೆ ಶನಿವಾರ ಬೆಳಿಗ್ಗೆ ನಾನು ಮಾಡಿದ್ದು ಬೇರೆ. ಪ್ಲೇಟಿಗೆ ಸುತ್ತಿದ್ದ ಬಟ್ಟೆಗಳೆಲ್ಲ ಹೊಗೆ ವಾಸನೆ ಹೊಡೆಯುತ್ತಿದ್ದವು. ಅವನ್ನು ತೆಗೆದು ಒಗೆದ ಪಂಚೆ ಹರಿದು ಸುತ್ತಿದೆ.

ಭಾನುವಾರ ಟ್ರಂಕು ತೆಗೆದುಕೊಂಡು ತಿಪಟೂರಿಗೆ ಹೋದೆ. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲೆ ಸಂಗ್ರಾಹಕರ ಯಂತ್ರ ಸಿದ್ಧವಾಗಿತ್ತು. ಅತ್ತೆಯೇ ಟ್ರಂಕಿಗೆ ಕೈ ಹಾಕಿ ಒಂದು ಪ್ಲೇಟು ತೆಗೆದರು. ಅಂಚಿನ ಮೇಲೆ ಬೆರಳು ಆಡಿಸುತ್ತಾ ಹೋದರು. ಬೆರಳು ಏರಿತು, ಇಳಿಯಿತು. ನಿಂತಿತು.

ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನಾನೇ ಬಾಯಿಬಿಟ್ಟೆ. "ನೀವು ಕೊಟ್ಟಾಗಲೇ ಹೀಗಿತ್ತು ಅತ್ತೆ. ನಿಮಗೆ ಕಣ್ಣು ಕಾಣ್ತಿರಲಿಲ್ಲ. ಅಷ್ಟು ವರ್ಷ ಈ ತಗಡಿನ ಕೆಳಗೆ ಇತ್ತಲ್ಲ."

ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ. ಹಾಗೆ ಹೇಳಿದರೆ ಯಾರೂ ಎದುರಾಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅತ್ತೆ ಪ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಸಂಗ್ರಾಹಕರ ಕಡೆ ತಿರುಗಿ, "ಕ್ಷಮಿಸಬೇಕು ಸ್ವಾಮಿ. ಅಷ್ಟು ದೂರದಿಂದ ಬಂದ್ರಿ. ನಾನೇ ಸರಿಯಾಗಿ ಇಟ್ಕೊಳ್ಳಲಿಲ್ಲ," ಎಂದರು.

ಸಂಗ್ರಾಹಕರು ಒಳ್ಳೆಯವರು. ಒಡೆಯದೆ ಉಳಿದವುಗಳಲ್ಲಿ ಕಡಿಮೆ ಸೊಟ್ಟಗಿದ್ದದ್ದನ್ನು ಆರಿಸಿ ಮುಳ್ಳು ಇಟ್ಟರು. ಮುಳ್ಳು ದೋಣಿಯ ಹಾಗೆ ಎದ್ದು ಬಿದ್ದು ಹಾರಿತು. ನಡುವೆ ಒಂದು ಕಡೆ ಹುಡುಗಿಯೊಬ್ಬಳ ದನಿ ಬಂತು. ಎರಡು ಪದ ಅಷ್ಟೆ. ಹೊಳೆಯಲ್ಲಿ ತೊಳೆದ ಹಾಗಿತ್ತು ಆ ದನಿ. ಆಮೇಲೆ ಕರಕರ.

"ಇನ್ನೊಂದ್ಸಲ," ಎಂದರು ಅತ್ತೆ.

ಇನ್ನೊಂದು ಸಲ ಮುಳ್ಳು ಬೇರೆ ಕಡೆ ಹಾರಿತು. ಆ ಎರಡು ಪದವೂ ಬರಲಿಲ್ಲ.

"ಈಗ ನೀವೇ ಹಾಡಿ ತಾಯಿ, ಮುದ್ರಿಸಿಕೊಳ್ತೀನಿ," ಎಂದರು ಸಂಗ್ರಾಹಕರು.

"ನಾನಾ? ನಂಗೆಲ್ಲಿ ಬತ್ತದೆ. ಅದು ಆ ಹುಡುಗಿ ಹಾಡು," ಎಂದು ಅತ್ತೆ ಎದ್ದು ಕಾಫಿಗೆ ನೀರಿಟ್ಟರು.

ಎರಡನೆಯ ಭಾನುವಾರಗಳನ್ನು ನಾನು ತಪ್ಪಿಸಲಿಲ್ಲ. ಆ ವರ್ಷದ ಕಾಯಿ ಅಟ್ಟದಿಂದ ಇಳಿದಾಗ ಎಂದಿನಂತೆ ಒಂದು ಚೀಲ ಕೊಬ್ಬರಿ ತೆಗೆದುಕೊಂಡು ಹೋದೆ. ಅತ್ತೆ ಚೀಲದ ಬಾಯಿಗೆ ಮುಖ ಇಟ್ಟು ಮೂಸಿದರು. ಹಾಗೇ ಚೀಲ ಮಡಿಸಿ ನನ್ನ ಕಡೆ ತಳ್ಳಿದರು.

"ಕೊಬ್ಬರಿ ಬ್ಯಾಡ ಕಣಪ್ಪ ಇನ್ನು ಮೇಲೆ. ಈ ಹೊಗೆ ವಾಸನೆ ನಂಗೆ ಗೊತ್ತು. ಟ್ರಂಕಲ್ಲಿ ಇನ್ನೂ ಐತೆ."

ಮೇಷ್ಟ್ರೇ ಎನ್ನಲಿಲ್ಲ. ಸಿಟ್ಟೂ ಇರಲಿಲ್ಲ. ನಾನು ಹೇಳಲಿ ಎಂದು ಕಾದರು. ಆ ಹೊತ್ತಿಗೆ ಬಾಯಿಬಿಟ್ಟಿದ್ದರೆ ಸಾಕಿತ್ತು. ಪ್ಲೇಟು ನೆಟ್ಟಗಾಗುತ್ತಿರಲಿಲ್ಲ, ಆದರೆ ನಾನೇ ಹಾಳುಮಾಡಿದೆ ಎಂದು ಪರರ ಮುಂದೆ ಒಪ್ಪಿಕೊಂಡವರಿಗೆ ಅವರ ಮಾತನ್ನು ವಾಪಸ್ಸು ಕೊಟ್ಟ ಹಾಗಾಗುತ್ತಿತ್ತು. ನಾನು ಗಡಿಯಾರ ನೋಡಿದೆ.

"ಹನ್ನೊಂದೂಕಾಲರ ಬಸ್ಸಿದೆ ಅತ್ತೆ."

"ಹೋಗ್ಬಾ. ತಪ್ಪಿಸ್ಕೋಬ್ಯಾಡ," ಎಂದರು.

ಚೀಲ ಹಿಡಿದುಕೊಂಡು ಬಸ್ಸು ಹತ್ತಿದೆ. ಆಮೇಲೆ ಎರಡು ವರ್ಷ ಬದುಕಿದ್ದರು. ಮತ್ತೆ ಆ ಮಾತು ಎತ್ತಲಿಲ್ಲ. ಕಾಫಿ ಕೊಟ್ಟರು, ಊರಿನ ಸುದ್ದಿ ಕೇಳಿದರು, ಹನ್ನೊಂದಾಯಿತು ಎಂದು ಅವರೇ ನೆನಪಿಸುತ್ತಿದ್ದರು.

ರೇಡಿಯೋದವರಿಗೂ ಸಂಗ್ರಾಹಕರಿಗೂ ಈಗ ಪತ್ರ ಬರೆದಿದ್ದೇನೆ. ಜೊತೆಗೆ ಟಿಪ್ಪಣಿ ಪುಸ್ತಕದ ಆ ಪುಟದ ಜೆರಾಕ್ಸ್ ಇಟ್ಟಿದ್ದೇನೆ. ಉತ್ತರ ಬಂದಿಲ್ಲ. ರೇಡಿಯೋದಲ್ಲಿ ಆ ಮಾತು ಕೇಳಿದವರು ಈ ಪುಟವನ್ನೂ ಓದಲಿ ಎಂದು ಇಲ್ಲಿ ಇಳಿಸುತ್ತಿದ್ದೇನೆ. ನನ್ನದೇ ಅಕ್ಷರ, ಕೆಳಗೆ ನನ್ನದೇ ಸಹಿ:

"ಅತ್ತೆಯವರಿಂದ ಪ್ಲೇಟು ಒಂಬತ್ತು. ಎಲ್ಲವೂ ನೆಟ್ಟಗಿವೆ, ಬಿರುಕಿಲ್ಲ. ಒಂದೊಂದನ್ನೂ ನೋಡಿ ತೆಗೆದುಕೊಂಡೆ. ನಡುಮನೆಯಲ್ಲಿ ನಿಲ್ಲಿಸಿ ಇಡತಕ್ಕದ್ದು."