ನನ್ನ ಪೆಟ್ಟಿಗೆ ಮತ್ತು ಖಾದರ್ ಅಂಕಲ್ ಹಟ

೧೯೯೯ರ ಬೇಸಿಗೆ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಹನ್ನೊಂದು ಜನರ ಒಂದು ಸ್ಟಾರ್ಟಪ್‌ನಲ್ಲಿ ನಾನು ಎಂಜಿನಿಯರ್ ಆಗಿದ್ದೆ. ನಾವು ಟ್ರಕ್ ಚಾಲಕರಿಗಾಗಿ ಒಂದು ಪೆಟ್ಟಿಗೆ ಮಾಡುತ್ತಿದ್ದೆವು. ಆಗಿನ ಕಾನೂನಿನಂತೆ ಅವರು ಹತ್ತು ಗಂಟೆ ಗಾಡಿ ಓಡಿಸಿದರೆ ಎಂಟು ಗಂಟೆ ವಿಶ್ರಾಂತಿ ಪಡೆಯಲೇಬೇಕು. ಈ ಲೆಕ್ಕವನ್ನೆಲ್ಲ ಅವರು ಲಾಗ್‌ಬುಕ್ಕಿನಲ್ಲಿ ಕೈಯಿಂದ ಬರೆಯುತ್ತಿದ್ದರು. ನಮ್ಮ ಪೆಟ್ಟಿಗೆ ತಾನೇ ಬರೆದುಕೊಳ್ಳುತ್ತಿತ್ತು. ಹತ್ತು ಗಂಟೆ ಮುಗಿದ ಮೇಲೂ ಚಕ್ರ ತಿರುಗಿದರೆ ಅರಚುತ್ತಿತ್ತು. ಆ ಅರಚಾಟದ ಸದ್ದನ್ನು ಆರಿಸಿದವಳು ನಾನೇ. ಕೇಳಿದವರು ಬೆಚ್ಚಿಬೀಳಬೇಕು ಎಂದು ಒಂದು ವಾರ ಕೂತು ಆರಿಸಿದ್ದೆ.

ಪರೀಕ್ಷೆಗೆ ಒಬ್ಬ ಚಾಲಕ ಬೇಕಿತ್ತು. ಹುಬ್ಬಳ್ಳಿಯ ಖಾದರ್ ಅಂಕಲ್ ಕನ್ನಡದವರ ಒಂದು ಪಿಕ್‌ನಿಕ್‌ನಲ್ಲಿ ನನಗೆ ಪರಿಚಯವಾಗಿದ್ದರು. ಮನೆ ಸ್ಯಾನ್ ಹೋಸೆಯ ಎವರ್‌ಗ್ರೀನ್‌ ಬಡಾವಣೆಯಲ್ಲಿ. ಕಾರ್ಖಾನೆಯಿಂದ ಹೊಸ ಆರ್‌ವಿಗಳನ್ನು, ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ಗಾಲಿಮನೆಗಳನ್ನು, ತಮ್ಮ ದೊಡ್ಡ ಪಿಕಪ್ಪಿಗೆ ಕಟ್ಟಿ ಎಳೆದು ತಂದು ಅಂಗಡಿಗಳಿಗೆ ಮುಟ್ಟಿಸುವುದು ಅವರ ಕೆಲಸ. ಪೆಟ್ಟಿಗೆ ಇಡಲು ಕೇಳಿದಾಗ, "ಇಡು ತಂಗಿ, ಅದೇನು ಅನ್ನ ಕೇಳತೈತೇನು?" ಎಂದು ಒಪ್ಪಿಕೊಂಡರು.

ಒಂದು ಗುರುವಾರ ಸಂಜೆ ನಾಲ್ಕಕ್ಕೆ ಇಬ್ಬರು ಹೂಡಿಕೆದಾರರು ನಮ್ಮ ಆಫೀಸಿಗೆ ಬರುವುದಿತ್ತು. ಅದೇ ಹೊತ್ತಿಗೆ ಖಾದರ್ ಅಂಕಲ್ ಗಾಲಿಮನೆ ಸಮೇತ ಆಫೀಸಿನ ಮುಂದೆ ಬಂದು ನಿಲ್ಲಬೇಕು, ಪೆಟ್ಟಿಗೆಯಿಂದ ಇಡೀ ದಿನದ ಲೆಕ್ಕ ತೆಗೆದು ತೋರಿಸಬೇಕು ಎನ್ನುವುದು ಬಾಸಿನ ಯೋಜನೆ. ಕೇಕಿಗೂ ಹೇಳಿಟ್ಟಿದ್ದ. ಪೆಟ್ಟಿಗೆ ಕೈಕೊಟ್ಟರೆ ನೋಡಿಕೊಳ್ಳಲೆಂದು ನನ್ನನ್ನು ಲಾಸ್ ಏಂಜಲೀಸ್ ಆಚೆಯ ಕಾರ್ಖಾನೆಗೇ ಕಳಿಸಿದ. ಬೆಳಗಿನ ಐದಕ್ಕೆ ನಾವು ಅಲ್ಲಿಂದ ಹೊರಟೆವು.

ಎಂಟು ಗಂಟೆಯಲ್ಲಿ ಮುಟ್ಟಬೇಕಾದ ದಾರಿ. ಆದರೆ ಘಾಟಿಯಲ್ಲಿ ಮೆಣಸಿನಕಾಯಿ ತುಂಬಿದ್ದ ಲಾರಿಯೊಂದು ಮಗುಚಿ, ಫ್ರೀವೇ ಮೇಲೆ ಎರಡೂವರೆ ಗಂಟೆ ತೆವಳಿದೆವು. ತೆವಳಿದರೂ ಚಕ್ರ ತಿರುಗಿದಂತೆಯೇ, ಪೆಟ್ಟಿಗೆ ಎಲ್ಲವನ್ನೂ ಬರೆದುಕೊಂಡಿತು. ಮಧ್ಯೆ ಊಟಕ್ಕೆ ಮುಕ್ಕಾಲು ಗಂಟೆ ನಿಂತೆವು, ಅಷ್ಟೇ. ಮೂರೂ ಮುಕ್ಕಾಲಿಗೆ ಸ್ಯಾನ್ ಹೋಸೆ ಮುಟ್ಟುವಷ್ಟರಲ್ಲಿ ಪೆಟ್ಟಿಗೆ ಅರಚತೊಡಗಿತು. ನಾನೇ ಎರಡೂ ಕಿವಿ ಮುಚ್ಚಿಕೊಂಡೆ.

ಖಾದರ್ ಅಂಕಲ್ ಸಮಾಧಾನವಾಗಿ ಮುಂದಿನ ಎಕ್ಸಿಟ್ ತೆಗೆದುಕೊಂಡು, ಒಂದು ಗ್ರೋಸರಿ ಅಂಗಡಿಯ ವಿಶಾಲ ಪಾರ್ಕಿಂಗಿನ ಮೂಲೆಯಲ್ಲಿ ಗಾಡಿ ನಿಲ್ಲಿಸಿದರು. ಮ್ಯಾನೇಜರ್‌ನ ಬಳಿ ಹೋಗಿ ಅನುಮತಿ ಕೇಳಿ ಬಂದು ಬೂಟು ಬಿಚ್ಚಿದರು.

"ಅಂಕಲ್, ಬೂಟು ಯಾಕೆ ಬಿಚ್ತೀರಿ? ಪಾಲೋ ಆಲ್ಟೋಗೆ ಇನ್ನು ಅರ್ಧ ಗಂಟೆ ಉಂಟಷ್ಟೇ!"

"ಹತ್ತು ತಾಸು ಮುಗೀತು ತಂಗಿ. ನಿನ್ನ ಪೆಟಿಗೀನ ನಿಲ್ಲು ಅಂತೈತಲ್ಲ?"

"ಅದು ಹೇಳ್ತದೆ ಮಾರಾಯ್ರೆ, ಅದಕ್ಕೇನು ಗೊತ್ತು? ಅಲ್ಲಿ ಹೂಡಿಕೆದಾರರು ಕಾಯ್ತಿದ್ದಾರೆ. ನನ್ನ ಕೆಲಸ ಹೋಗ್ತದೆ!"

ಅವರು ಸೀಟು ಹಿಂದಕ್ಕೆ ಬಾಗಿಸಿದರು. ಆಗ ನಾನು ಇವತ್ತಿಗೂ ನಾಚಿಕೆಪಡುವ ಕೆಲಸಕ್ಕೆ ಕೈ ಹಾಕಿದೆ. ಆ ಪೆಟ್ಟಿಗೆಯ ಎರಡು ಗುಂಡಿಗಳನ್ನು ಒಟ್ಟಿಗೆ ಐದು ಸೆಕೆಂಡು ಒತ್ತಿದರೆ ದಿನದ ಲೆಕ್ಕವೆಲ್ಲ ಅಳಿಸಿಹೋಗುತ್ತಿತ್ತು. ಅದು ಗೊತ್ತಿದ್ದದ್ದು ನಮ್ಮ ಆಫೀಸಿನವರಿಗೆ ಮಾತ್ರ. "ನಾನು ಅಳಿಸಿಬಿಡ್ತೇನೆ, ನೀವು ಓಡಿಸಿ" ಎಂದು ಬೆರಳು ಚಾಚಿದೆ.

ಖಾದರ್ ಅಂಕಲ್ ಎದ್ದು ಕುಳಿತು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. "ಅಳಿಸೂದ ಇದ್ರ ನನಗ ಪೆನ್ಸಿಲ್ ಸಾಕಿತ್ತಲ್ಲ ತಂಗಿ. ಇಷ್ಟು ದೊಡ್ಡ ಪೆಟಿಗಿ ಯಾಕ ಬೇಕಿತ್ತು?"

ನಾನು ಬೆರಳು ಹಿಂದಕ್ಕೆ ಎಳೆದುಕೊಂಡೆ. ಅವರು ಮುಂದುವರಿಸಿದರು: "ನಾಕು ವರ್ಷದ ಹಿಂದ ನಾನೂ ಹಿಂಗ ಮಾಡಿದ್ದೆ. ಲಾಗ್‌ಬುಕ್ ಹಾಳಿ ಮ್ಯಾಲೆ ನೋಡಿದ್ರ ನಾ ಹಾಸಿಗ್ಯಾಗ ಮಲಗೇನಿ. ಖರೇ ಅಂದ್ರ ಸ್ಟೀರಿಂಗ್ ಮ್ಯಾಲೆ ಮಲಗಿದ್ದೆ. ಎಚ್ಚರಾದಾಗ ಗಾಡಿ ಬೆಳ್ಳುಳ್ಳಿ ಹೊಲದಾಗಿತ್ತು. ಎದುರಿಂದ ಯಾರೂ ಬರಲಿಲ್ಲ, ಅದು ಅಲ್ಲಾನ ದಯಾ."

ಅಷ್ಟು ಹೇಳಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿಬಿಟ್ಟರು.

ನಾನು ಗಾಡಿಯಿಂದಿಳಿದು ಬಾಸಿಗೆ ಫೋನು ಮಾಡಿದೆ. "ಅವನಿಗೆ ಓಡಿಸೋಕೆ ಹೇಳು!" ಎಂದು ಬಾಸು ಕೂಗಿದ. ಅವರು ಓಡಿಸುವುದಿಲ್ಲ ಎಂದೆ. "ಯಾರು ಬೇಡ ಅಂದರು?" ಎಂದ. "ನಮ್ಮ ಪೆಟ್ಟಿಗೆ" ಎಂದೆ. ನಾವು ಎಲ್ಲಿದ್ದೇವೆಂದು ಕೇಳಿ ಬಾಸು ಫೋನು ಕುಕ್ಕಿದ.

ಒಂದು ಗಂಟೆಯ ಮೇಲೆ ಬಾಸು ಹೂಡಿಕೆದಾರರಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿಗೇ ಬಂದ. ಅಷ್ಟರಲ್ಲಿ, ನಾನು ಫೋನು ಮಾಡಿ ತಿಳಿಸಿದ್ದರಿಂದ, ಖಾದರ್ ಅಂಕಲ್ ಹೆಂಡತಿ ಮೆಹರುನ್ನಿಸಾ ಆಂಟಿ ಎವರ್‌ಗ್ರೀನ್‌ನಿಂದ ಬಿರಿಯಾನಿ ಡಬ್ಬಿಯೊಂದಿಗೆ ಬಂದಿದ್ದರು. ಸಿಲ್ಕ್ ಸೂಟಿನ ಹೂಡಿಕೆದಾರ ಹೆಂಗಸು ಗಾಡಿಯೊಳಗೆ ಇಣುಕಿ, ನಿಜಕ್ಕೂ ಹೊರಡುವುದಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಖಾದರ್ ಅಂಕಲ್ ಒಂದೇ ಕಣ್ಣು ತೆರೆದು, "ಸಾರಿ ಮೇಡಂ. ಸೆವೆನ್ ಅವರ್ಸ್ ಮೋರ್" ಎಂದು ಮತ್ತೆ ಮುಚ್ಚಿದರು.

ಆಕೆ ಬಾಸಿನ ಕಡೆ ತಿರುಗಿ, "ಹಾಗಾದರೆ ನಿಮ್ಮ ಯಂತ್ರ ಕೆಲಸ ಮಾಡುತ್ತದೆ" ಎಂದಳು. ಬಾಸು ಇದೆಲ್ಲ ತಾನೇ ಏರ್ಪಾಡು ಮಾಡಿದ್ದೆಂಬಂತೆ ತಲೆಯಾಡಿಸಿದ. ಮೆಹರುನ್ನಿಸಾ ಆಂಟಿ ಪಿಕಪ್ಪಿನ ಹಿಂದಿನ ಹಲಗೆ ಇಳಿಸಿ ಕಾಗದದ ತಟ್ಟೆಗಳಲ್ಲಿ ಎಲ್ಲರಿಗೂ ಬಿರಿಯಾನಿ ಬಡಿಸಿದರು. ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಹೂಡಿಕೆದಾರರು ಒಪ್ಪಿಗೆ ಕೊಟ್ಟು ಹೋದರು.

ಮುಂದಿನ ವರ್ಷದ ಕೊನೆಗೆ, ಡಾಟ್‌ಕಾಂ ಕುಸಿತದಲ್ಲಿ ಬೇರೆ ನೂರಾರು ಕಂಪನಿಗಳ ಹಾಗೆ ನಮ್ಮದೂ ಮುಚ್ಚಿತು. ನಾನು ಬೇರೆ ಕೆಲಸ ಹಿಡಿದೆ. ಎಷ್ಟೋ ವರ್ಷಗಳಾದ ಮೇಲೆ ಚಾಲಕರ ಗಾಡಿಗಳಲ್ಲಿ ಇಂಥ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರಲೇಬೇಕೆಂಬ ಕಾನೂನು ಬಂತು. ಅಷ್ಟರಲ್ಲಿ ಕೆಲಸದಿಂದ ನಿವೃತ್ತರಾಗಿದ್ದ ಖಾದರ್ ಅಂಕಲ್ ಫೋನು ಮಾಡಿದರು. ನಗು ತಡೆಯಲಾರದೆ ಅವರಿಂದ ಮಾತೇ ಹೊರಡುತ್ತಿರಲಿಲ್ಲ.

"ತಂಗಿ, ಕಾನೂನು ಬಂತಲ್ಲ, ಓದಿದೇನು? ಆದ್ರ ಆರ್‌ವಿ ಎಳಿಯೋರಿಗೆ ಮಾಫಿ ಅಂತ! ಅವರಿಗೆ ಹಾಳೀನ ಸಾಕಂತ!"

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಫೋನು ಇಟ್ಟ ಮೇಲೆ ನನಗೆ ಅನ್ನಿಸಿತು: ಆ ದಿನ ಗಾಡಿ ನಿಲ್ಲಿಸಿದ್ದು ನನ್ನ ಪೆಟ್ಟಿಗೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಪೆಟ್ಟಿಗೆ ಅರಚಿತ್ತು, ಅಷ್ಟೇ. ನಿಂತವರು ಖಾದರ್ ಅಂಕಲ್.