ಲೀಟರಿಗೆ ಒಂದು ಕಿಲೋಮೀಟರು

ಬೆಳಗಿನ ಜಾವ ಹಂಗಳದ ಹೊಲಗಳ ಕಡೆಯಿಂದ ತಗಡಿನ ಡಬ್ಬದ ಸದ್ದು ಬರುತ್ತದೆ. ಅಟ್ಟಣೆಯ ಮೇಲೆ ಕಾವಲು ಕೂತವರು ಕಾಡುಹಂದಿಗಳನ್ನು ಕೊನೆಯ ಸಲ ಹೆದರಿಸಿ ಕೆಳಗಿಳಿಯುವ ಹೊತ್ತು ಅದು. ಊರಿನ ಉಳಿದವರು ಆ ಸದ್ದಿಗೆ ಮಗ್ಗುಲು ಬದಲಿಸುತ್ತಾರೆ. ಭಾನು ಎದ್ದು ಕೂರುತ್ತಾಳೆ. ಕೂತ ಮೇಲೂ ಅವಳ ಕಾಲು ಸುಮ್ಮನಿರುವುದಿಲ್ಲ. ಚಾಪೆಯ ಅಂಚಿನಲ್ಲಿ ಬಲಗಾಲು ಅಲ್ಲಿಲ್ಲದ ಪೆಡಲೊಂದನ್ನು ಒತ್ತುತ್ತಲೇ ಇರುತ್ತದೆ.

"ಚಾಪೆ ಮ್ಯಾಲೇ ಗಾಡಿ ಓಡುಸ್ತಾಳೆ ನೋಡು," ಎಂದು ಅವ್ವ ರಾಚಮ್ಮ ಒಲೆಯ ಮುಂದಿನಿಂದಲೇ ಅನ್ನುತ್ತಾಳೆ. "ಗಂಡಿನ ಕಡೇರು ಬಂದಾಗ್ಲೂ ಇಂಗೇ ಕಾಲಾಡುಸ್ತಾ ಕೂತಿದ್ದೆ. ಏನೋ ಕಾಯಿಲೆ ಅಂದ್ಕಂಡು ಎದ್ದೋದ್ರು."

"ಒಳ್ಳೇದೇ ಆಯ್ತು ಬುಡವ್ವ. ಅವನ್ಗೆ ಸ್ಕೂಟ್ರೂ ಬತ್ತಿರ್ಲಿಲ್ಲ."

ಭಾನುವಿಗೆ ಇಪ್ಪತ್ತೇಳು. ಗುಂಡ್ಲುಪೇಟೆಯಲ್ಲಿ ಬಿ.ಎ. ಮುಗಿಸಿದ ಮೇಲೆ ಬಂಡೀಪುರದ ದಾರಿಯ ಹೋಟೆಲೊಂದರಲ್ಲಿ ಬಿಲ್ಲು ಹರಿಯುವ ಕೆಲಸಕ್ಕೆ ಸೇರಿದ್ದಳು. ಗಾಜಿನ ಆಚೆ ಕೇರಳದ ಕಾರುಗಳು ಬಂದು ನಿಲ್ಲುತ್ತಿದ್ದವು. ಜನ ಇಳಿದು, ಚಹಾ ಕುಡಿದು, ಮಕ್ಕಳನ್ನು ಎಣಿಸಿಕೊಂಡು ಮತ್ತೆ ಹತ್ತಿ ಹೊರಟುಹೋಗುತ್ತಿದ್ದರು. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದರು, ಕುರ್ಚಿಯಲ್ಲಿ ಕೂತ ಇವಳೊಬ್ಬಳನ್ನು ಬಿಟ್ಟು. ಮಳೆಗಾಲ ಶುರುವಾಗುವ ಮೊದಲೇ ಆ ಕೆಲಸ ಬಿಟ್ಟಳು. ಆ ವರ್ಷ ಅವ್ವನ ಜೊತೆ ಚೆಂಡುಹೂ ಕೀಳಲು ಹೋದಾಗ, ಹೂವಿನ ಮೂಟೆ ಸಾಗಿಸುವ ಪಿಕಪ್ಪಿನ ಮಲೆಯಾಳಿ ಮುದುಕ ಹೊಲದ ದಾರಿಯಲ್ಲಿ ಅವಳ ಕೈಗೆ ಸ್ಟೇರಿಂಗ್ ಕೊಟ್ಟ. "ಪದುಕ್ಕೆ ಮೋಳೇ, ಪದುಕ್ಕೆ," ಎಂದು ಅವನು ಬಾಗಿಲು ಹಿಡಿದುಕೊಂಡು ಕೂಗುತ್ತಿದ್ದ. ನಿಧಾನ ಎನ್ನುವುದನ್ನು ಯಾವ ಭಾಷೆಯಲ್ಲಿ ಹೇಳಿದರೂ ಭಾನುವಿಗೆ ಕೇಳಿಸುತ್ತಿರಲಿಲ್ಲ. ಹೂವು ಮುಗಿಯುವ ಹೊತ್ತಿಗೆ ಅವಳು ಆ ಪಿಕಪ್ಪನ್ನು ಹಿಂದಕ್ಕೂ ಓಡಿಸುತ್ತಿದ್ದಳು.

ಈಗ ಅವಳು ಶಿವರುದ್ರಸ್ವಾಮಿಯವರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ. ಗುಂಡ್ಲುಪೇಟೆಯಲ್ಲಿ ಅವರ ತಂದೆಯ ಕಾಲದ ಅರಿಸಿನ ಮಂಡಿ ಇದ್ದ ಕಟ್ಟಡ ಅದು. ಮಂಡಿ ಮುಚ್ಚಿ ಬಹಳ ವರ್ಷವಾದರೂ ಗೋಡೆಯ ಕೆಳಭಾಗ ಇನ್ನೂ ಹಳದಿ. ಸ್ಕೂಲಿಗೆ ಇರುವುದು ಹಳೆಯ ಬಿಳಿ ಕಾರು ಒಂದೇ. ಬೆಳಗ್ಗೆ ಆರರಿಂದ ಹೆಂಗಸರ ಬ್ಯಾಚು, ಬಿಸಿಲೇರಿದ ಮೇಲೆ ಗಂಡಸರದು. ಹೆಂಗಸರ ಬ್ಯಾಚನ್ನು ಹಟ ಮಾಡಿ ಶುರುಮಾಡಿದವಳು ಭಾನುವೇ. ಆ ಹೊತ್ತಿನಲ್ಲಾದರೆ ಚಾಮರಾಜನಗರದ ರಸ್ತೆ ಖಾಲಿ ಇರುತ್ತದೆ, ನಿಂತು ನೋಡಿ ನಗುವವರು ಇನ್ನೂ ಎದ್ದಿರುವುದಿಲ್ಲ.

ಹೋದ ಆಷಾಢದ ಒಂದು ಬೆಳಗ್ಗೆ ಸ್ವಾಮಿಯವರು ಪೆಟ್ರೋಲ್ ಬಂಕಿನಿಂದ ಬಂದವರೇ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತರು.

"ಏನವ್ವಾ ಇದು, ಮದ್ವೆ ಮನೇಲಿ ನೆಂಟ್ರು ಪಾನಕ ಕುಡ್ದಂಗೆ ಕುಡೀತದಲ್ಲ. ಲೀಟ್ರಿಗೆ ಹನ್ನೆರಡೂ ಬತ್ತಿಲ್ಲ."

"ಹಳೇ ಗಾಡಿ ಸಾರ್."

"ಗಾಡಿ ಹಳೇದು, ಕಾಲು ಹೊಸವು. ನಿನ್ ಹೆಂಗುಸ್ರು ಕ್ಲಚ್ ಮ್ಯಾಲೆ ಕಾಲಿಟ್ರೆ ತೆಗಿಯಾಕಿಲ್ಲ, ಮಣೆ ಮ್ಯಾಲೆ ಕೂತಂಗೆ ಕೂತ್ಬುಡ್ತಾರೆ." ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ವಾದ ಮಾಡಬಹುದಿತ್ತು. "ನಾನು ಅನ್ಯಾಯದ ಮನ್ಷ ಅಲ್ಲ. ಲೀಟ್ರಿಗೆ ಒಂದೇ ಒಂದು ಕಿಲೋಮೀಟ್ರು ಜಾಸ್ತಿ ತೋರ್ಸು, ಬೆಳಗಿನ ಬ್ಯಾಚ್ ಇರ್ಲಿ. ಇಲ್ದಿದ್ರೆ ಶ್ರಾವಣದಿಂದ ಬಂದ್."

ಆ ಬ್ಯಾಚಿನಲ್ಲಿ ಶಾಂತಿ ಇದ್ದಳು. ಪಂಚಾಯಿತಿಯ ಕಸದ ಗಾಡಿಗೆ ಹೆಂಗಸೊಬ್ಬಳನ್ನೇ ಡ್ರೈವರ್ ಮಾಡುತ್ತಾರೆಂದು ತಿಳಿದು, ಕೂಲಿಗೆ ಹೋಗುವ ಮೊದಲಿನ ಗಂಟೆಯನ್ನು ಉಳಿಸಿಕೊಂಡು ಬರುತ್ತಿದ್ದಳು. ಚಾಮರಾಜನಗರದಲ್ಲಿ ಅವಳ ಲೈಸೆನ್ಸ್ ಪರೀಕ್ಷೆ ಶ್ರಾವಣದ ಕೊನೆಗೆ. ಬ್ಯಾಚ್ ನಿಂತರೆ ಅವಳು ಗಂಡಸರ ಹೊತ್ತಿಗೆ ಬರಲಾರಳು. ಆ ಹೊತ್ತಿಗೆ ಅವಳು ಯಾರದೋ ಹೊಲದಲ್ಲಿರುತ್ತಾಳೆ. ಭಾನುವಿಗಾದರೋ, ಬೆಳಗಿನ ಆ ರಸ್ತೆ ಹೋದರೆ ಉಳಿಯುವುದು ಮತ್ತೆ ಯಾವುದೋ ಒಂದು ಕುರ್ಚಿ.

ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದಿದಳು. ಬೇಡದ ಭಾರ ಹೊತ್ತ ಗಾಡಿ ಹೆಚ್ಚು ಎಣ್ಣೆ ಕುಡಿಯುತ್ತದೆ. ನಿಂತು ನಿಂತು ಹೊರಡುವ ಗಾಡಿಗೆ ಆ ಭಾರ ಇನ್ನೂ ದುಬಾರಿ. ಕಲಿಯುವವರ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಲ್ಲವೇ ಎಂದುಕೊಂಡಳು. ಬಸ್ಸು ನಿಲ್ಲುವ ಮೊದಲೇ ಇಳಿದಳು.

ನಮ್ಮ ಕಡೆ ಹೋಗುವ ಗಾಡಿಯನ್ನು ಬರಿದಾಗಿ ಕಳಿಸುವುದಿಲ್ಲ. ಹೇಗೂ ಹೋಗುತ್ತದಲ್ಲ ಎಂದು ಯಾರಾದರೂ ಏನಾದರೂ ಇಟ್ಟುಬಿಡುತ್ತಾರೆ. ಬೇಡ ಎಂದವರ ಹೆಸರು ಊರಲ್ಲಿ ಉಳಿಯುವುದಿಲ್ಲ. ಭಾನು ಮತ್ತು ಶಾಂತಿ ಡಿಕ್ಕಿ ತೆರೆದಾಗ ಅದೊಂದು ಸಂತೆಯಂತಿತ್ತು. ಯಾರದೋ ತೆಂಗಿನಕಾಯಿ ಚೀಲ, ಹಿಡಿ ಮುರಿದ ಗುದ್ದಲಿಗಳ ಕಟ್ಟು, ಸವೆದ ಎರಡು ಟೈರು. ಎಲ್ಲದರ ಅಡಿಯಲ್ಲಿ ಗೋಣಿ ಸುತ್ತಿದ ದುಂಡನೆಯ ಕಲ್ಲು.

"ಅಕ್ಕ, ಇದ್ಯಾವ ದೇವ್ರು?"

ಭಾನು ಹಣೆ ಚಚ್ಚಿಕೊಂಡಳು. ಅದು ರಾಚಮ್ಮನ ಒಳಕಲ್ಲಿನ ಗುಂಡು. ಚಾಮರಾಜನಗರದಲ್ಲಿ ಕಲ್ಲುಕುಟಿಗನ ಹತ್ತಿರ ನುಣುಪಾದ ಮೈಗೆ ಉಳಿಯಿಂದ ಮುಳ್ಳು ಹೊಡೆಸಿಕೊಂಡು ಬಾ ಎಂದು ಯುಗಾದಿಗೆ ಮೊದಲು ಇಟ್ಟದ್ದು. ಅಂದಿನಿಂದ ಅದು ಗುಂಡ್ಲುಪೇಟೆಯ ಎಲ್ಲ ಬೀದಿಗಳನ್ನೂ ಸುತ್ತಿದೆ.

"ನಿಮ್ಮವ್ವಂಗಿಂತ ಇದ್ಕೇ ದಾರಿ ಚೆಂದಾಗಿ ಗೊತ್ತು," ಎಂದು ಶಾಂತಿ ನಕ್ಕಳು. ಆಮೇಲೆ ಡಿಕ್ಕಿಯ ಒಳಮೂಲೆಯಲ್ಲಿ ಹಳದಿ ಬಟ್ಟೆ ಹೊದಿಸಿದ ಮರದ ಪೆಟ್ಟಿಗೆಯನ್ನು ತೋರಿಸಿದಳು. "ಇದು?"

"ಸ್ವಾಮ್ಯಾರ ಪೂಜೆ ಪೆಟ್ಗೆ. ಆಯುಧಪೂಜೆಗೆ ಅವ್ರೇ ತೆಗಿಯೋದು. ಬುಡು ಅದ."

ಉಳಿದದ್ದೆಲ್ಲ ಇಳಿಸಿ, ಚಕ್ರಗಳಿಗೆ ಗಾಳಿ ತುಂಬಿಸಿ, ಟ್ಯಾಂಕಿನ ಕತ್ತಿನವರೆಗೆ ಪೆಟ್ರೋಲ್ ಹಾಕಿಸಿ ಚಾಮರಾಜನಗರಕ್ಕೆ ಹೋಗಿಬಂದರು. ಮತ್ತೆ ಕತ್ತಿನವರೆಗೆ ತುಂಬಿಸಿ ಲೆಕ್ಕ ಹಾಕಿದರು. ಅರ್ಧ ಕಿಲೋಮೀಟರು ಹೆಚ್ಚು.

"ಅರ್ಧ ಅಂದ್ರೆ ಅರ್ಧವೇ," ಎಂದರು ಸ್ವಾಮಿಯವರು. "ಅರ್ಧ ಇಡ್ಲಿ ತಿಂದು ನಾಷ್ಟ ಆಯ್ತು ಅನ್ನಕ್ಕಾಯ್ತದ?"

ಆ ಮಧ್ಯಾಹ್ನ ಭಾನು ಊಟಕ್ಕೆ ಕೂರಲಿಲ್ಲ. ಕಾರನ್ನು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು. ಹಿಂದಿನ ಚಕ್ರಗಳ ಮೇಲೆ ಕಾರು ಇನ್ನೂ ಕುಕ್ಕರುಗಾಲಿನಲ್ಲಿ ಕೂತಂತೆಯೇ ಇತ್ತು. ಡಿಕ್ಕಿ ತೆರೆದು, ಚಪ್ಪಲಿ ಬಿಟ್ಟು, ಹಳದಿ ಬಟ್ಟೆ ಸರಿಸಿದಳು. ಪೆಟ್ಟಿಗೆಗೆ ಬೀಗ ಇರಲಿಲ್ಲ. ಒಳಗೆ ಕುಂಕುಮ, ವಿಭೂತಿ ಮೆತ್ತಿದ ಎರಡು ಕಬ್ಬಿಣದ ತೂಕದ ಕಲ್ಲುಗಳು. ಒಂದೊಂದೂ ಐವತ್ತು ಕೇಜಿ. ಅರಿಸಿನದ ಮೂಟೆ ತೂಗುತ್ತಿದ್ದ, ಮೇಲೆ ಹಿಡಿ ಇರುವ ಕಲ್ಲು. ಹಿಡಿಯನ್ನು ಎಳೆದು ನೋಡಿದಳು. ಕಲ್ಲು ಅಲುಗಲಿಲ್ಲ, ಕಾರು ಅಲುಗಿತು.

ಮನೆಗೆ ಬಂದು ಅಪ್ಪನಿಗೆ ಹೇಳಿದಳು. ದೊಡ್ಡಮಾದಯ್ಯ ಆ ಮಂಡಿಯಲ್ಲಿ ಹಮಾಲಿ ಮಾಡಿದವನು. ಈಗ ಗೋಡೆಗೆ ಒರಗಿಯೇ ಕೂರುತ್ತಾನೆ, ಏಳುವಾಗ ಗೋಡೆಯನ್ನೇ ಹಿಡಿಯುತ್ತಾನೆ.

"ಐವತ್ತರ ಕಲ್ಲಾ? ಒಂದ್ರಲ್ಲಿ ಹಿಡಿ ಪಕ್ಕ ಚೂರು ಮುಕ್ಕಾಗದಾ?"

"ಹೂಂ ಕಣಪ್ಪ."

"ನನ್ ಕೈಯಿಂದ್ಲೇ ಬಿದ್ದುದ್ದು." ಅಪ್ಪ ಯಾರೋ ಹಳೆಯ ನೆಂಟರ ಸುದ್ದಿ ಕೇಳಿದವನಂತೆ ನಕ್ಕ. "ದೊಡ್ಡ ಬುದ್ಧಿಯೋರು, ನಿಮ್ ಸ್ವಾಮ್ಯಾರ ಅಪ್ಪಾಜಿ, ಓಡ್ಬಂದು ಕಲ್ಲಿಗೆ ಕುಂಕುಮ ಇಟ್ರು. ಆಮ್ಯಾಕೆ ನನ್ ಬೆರಳು ನೋಡಿ ಅರಿಸ್ನ ಮೆತ್ತುದ್ರು. ಮಂಡೀಲಿ ಅರಿಸ್ನಕ್ಕೇನು ಬರವಾ?"

"ನೀನು ಎತ್ತಿ ಎತ್ತಿ ಸೊಂಟ ಕಳ್ಕಂಡೆ. ಈಗ ಅದುನ್ನೇ ನಾನು ಊರೆಲ್ಲ ಮೆರವಣಿಗೆ ಮಾಡುಸ್ತಾ ಇವ್ನಿ."

"ಕೇಳ್ದೆ ಮುಟ್ಬ್ಯಾಡ ಕಣಮ್ಮಿ," ಎಂದ ಅಪ್ಪ. "ಈಗಿನ ಬುದ್ಧಿಯೋರಿಗೂ ಅದು ಕಬ್ಣ ಅಲ್ಲ."

ಮಾರನೆಯ ದಿನ ಅವಳು ಕಲ್ಲು ಇಳಿಸಲೇ ಎಂದು ಸ್ವಾಮಿಯವರನ್ನು ಕೇಳಿದಳು. ಸ್ವಾಮಿಯವರ ಮುಖ ಸಣ್ಣದಾಯಿತು.

"ಮಂಡಿ ಮುಚ್ಚಿದ್ ದಿನ ಅಪ್ಪಾಜಿ ಒಂದೇ ಮಾತು ಹೇಳಿದ್ರು. ವ್ಯಾಪಾರ ಯಾವ್ದ್ರಲ್ಲಿರ್ತದೋ ಕಲ್ಲು ಅದ್ರಲ್ಲೇ ಇರ್ಲಿ, ಬರೀ ನೆಲಕ್ಕೆ ಇಳಿಸ್ಬ್ಯಾಡ ಅಂತ. ಈಗ ಕಾರೇ ನನ್ ವ್ಯಾಪಾರ. ಅವು ನಮ್ಮನೆ ಲಕ್ಷ್ಮಿ ಕಣವ್ವಾ."

"ಲಕ್ಷ್ಮಿ ದಿನಾ ಪೆಟ್ರೋಲ್ ಕುಡೀತಾವ್ಳೆ ಸಾರ್."

ಅವರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ನೋಡನ," ಎಂದು ಒಳಗೆ ಹೋದರು.

ನೋಡನ ಎಂದರೆ ಹೂಂ ಅಲ್ಲ, ಊಹೂಂ ಕೂಡ ಅಲ್ಲ. ಭಾನುವಿಗೆ ಆ ಎರಡರ ನಡುವೆ ನಿಂತಿರಲು ಬರುವುದಿಲ್ಲ. ಸ್ವಾಮಿಯವರು ತೋಟಕ್ಕೆ ಹೋಗುವ ದಿನ ಬೆಳಗ್ಗೆ, ಹೆಂಗಸರೆಲ್ಲ ಸೇರಿ ಹಿಡಿಯೊಳಗೆ ಹಾರೆ ತೂರಿಸಿ ಒಂದೊಂದೇ ಕಲ್ಲನ್ನು ಹೊತ್ತರು. "ಹೆರಿಗೆ ಮಾಡ್ಸಿದಂಗಾಯ್ತಲ್ಲಮ್ಮಿ," ಎಂದಳು ಒಬ್ಬಳು ಏದುಸಿರಿನಲ್ಲಿ. ಬರೀ ನೆಲಕ್ಕೆ ಬೇಡವೆಂದು ಭಾನು ಜಗಲಿಯ ಮೇಲೆ ಮಣೆ ಹಾಕಿಸಿದ್ದಳು. ಕಲ್ಲುಗಳನ್ನು ಅದರ ಮೇಲಿಟ್ಟು ಹಳದಿ ಬಟ್ಟೆ ಹೊದಿಸಿದರು. ಕಾರಿನ ಬೆನ್ನು ಮೇಲೆದ್ದಿತ್ತು.

ಬಂಕಿನಲ್ಲಿ ತುಂಬಿಸಿಕೊಂಡು ಹೊರಟರು. ಶಾಂತಿ ಓಡಿಸಿದಳು. ತೆರಕಣಾಂಬಿಯ ರೋಡ್ ಹಂಪಿನ ಮೇಲೆ ದಿನವೂ ಕಾರಿನ ಹೊಟ್ಟೆ ಕರ್ರೆಂದು ಉಜ್ಜುತ್ತಿತ್ತು. ಈ ದಿನ ಉಜ್ಜಲಿಲ್ಲ. "ಅಕ್ಕ, ಒತ್ತೋಕ್ ಮುಂಚೇನೇ ಓಯ್ತದೆ!" ಎಂದು ಶಾಂತಿ ಕೂಗಿದಳು. ಎರಡೂ ಬದಿ ಹೊಲಗಳಲ್ಲಿ ಅರಿಸಿನದ ಎಲೆಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು, ಗಾಳಿ ಅವುಗಳನ್ನು ಒಂದೇ ಕಡೆಗೆ ಬಾಗಿಸುತ್ತಿತ್ತು. ಭಾನು ಅದೇನನ್ನೂ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಪೆಟ್ರೋಲಿನ ಮುಳ್ಳನ್ನು, ದಾರಿಯನ್ನು, ಮತ್ತೆ ಮುಳ್ಳನ್ನು. ಕಾಲು ತನ್ನಷ್ಟಕ್ಕೆ ಆಡುತ್ತಿತ್ತು.

ವಾಪಸು ಬಂದು ಅದೇ ಬಂಕಿನಲ್ಲಿ ತುಂಬಿಸಿದರು. ಭಾನು ಲೆಕ್ಕ ಹಾಕಿದಳು. ನಂಬದೆ ಶಾಂತಿಗೂ ಹಾಕಲು ಹೇಳಿದಳು. ಮೊದಲಿಗಿಂತ ಒಂದು ಕಿಲೋಮೀಟರು, ಮೇಲೆ ಒಂಚೂರು.

ಸ್ಕೂಲಿಗೆ ಬಂದಾಗ ಸ್ವಾಮಿಯವರು ಜಗಲಿಯ ಮೇಲೆ ಕಲ್ಲುಗಳ ಮುಂದೆ ನಿಂತಿದ್ದರು. ತೋಟದಿಂದ ಬೇಗ ಬಂದಿದ್ದರು. ಹೆಂಗಸರು ಕಾರಿನಲ್ಲೇ ಉಳಿದರು. ಭಾನು ಇಳಿದು ಹೋಗಿ ಬಂಕಿನ ಚೀಟಿ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು.

"ಲೆಕ್ಕ ಸರಿಯಾಗದೆ," ಎಂದರು ಕೊನೆಗೆ. "ನಾನು ಮಾತಿಗೆ ತಪ್ಪೋನಲ್ಲ. ಬ್ಯಾಚ್ ನಡೀಲಿ."

ಕಾರಿನೊಳಗಿಂದ ಚಪ್ಪಾಳೆ ಕೇಳಿಸಿತು.

"ಈಗ ಕಲ್ಲು ಗಾಡಿ ಒಳಗಿಡ್ಸು."

ಚಪ್ಪಾಳೆ ನಿಂತಿತು.

"ಒಳಗಿಟ್ರೆ ಆ ಒಂದು ಕಿಲೋಮೀಟ್ರು ಎಲ್ಲಿಂದ ಬತ್ತದೆ ಸಾರ್? ಮುಂದಿನ ತಿಂಗ್ಳು ಮತ್ತೆ ನಮ್ ಕಾಲ್ನೇ ಬಯ್ತೀರಿ. ಮತ್ತೆ ಬಂದ್ ಅಂತೀರಿ."

"ಕೇಳ್ದೆ ಇಳಿಸ್ಬುಟ್ಟೆ. ಅದ್ಕೆ ನಾನೇನಾದ್ರೂ ಅಂದ್ನಾ? ನಿಮ್ಮಪ್ಪ ನಾವು ಒಂದ್ ಮಾತು ಅಂದ್ರೆ ಸಾಕು, ಎತ್ತಿಡೋನು."

"ಎತ್ತಿಡೋನು ಸಾರ್. ಈಗ ಬಗ್ಗಿ ಚಪ್ಲಿ ಹಾಕ್ಕಳಕ್ಕೂ ಆಗಾಕಿಲ್ಲ."

ಸ್ವಾಮಿಯವರು ರಸ್ತೆಯ ಕಡೆ ನೋಡಿದರು. ಮಂಡಿಯ ದಿನಗಳಲ್ಲಿ ಕರೆದರೆ ಬರುವವರು ಆ ರಸ್ತೆಯ ತುಂಬ ಕೂತಿರುತ್ತಿದ್ದರು. ಈಗ ಒಂದು ಹಾಲಿನ ಬೈಕು ಹೋಯಿತು. ಅವರು ಪಂಚೆ ಎತ್ತಿ ಕಟ್ಟಿ, ಕಲ್ಲುಗಳಿಗೆ ಕೈಮುಗಿದು, ಬಾಗಿ ಮುಕ್ಕಾದ ಕಲ್ಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಕಲ್ಲು ಮಣೆಯಿಂದ ಒಂದು ಬೆರಳಿನಷ್ಟು ಎದ್ದು ದೊಪ್ಪನೆ ಕೂತಿತು. ಇನ್ನೊಮ್ಮೆ ಎಳೆದರು. ಅಷ್ಟೂ ಏಳಲಿಲ್ಲ. ಬಾಗಿದ ಬೆನ್ನನ್ನು ಹಾಗೇ ಇಟ್ಟುಕೊಂಡು ಭಾನುವಿನ ಕಡೆ ನೋಡಿದರು. ಅದರಲ್ಲಿ ಅಪ್ಪಣೆ ಇರಲಿಲ್ಲ. ಇನ್ನೊಂದು ಕಡೆ ಹಿಡಿಯುವವರು ಯಾವಾಗಲೂ ಇರುತ್ತಾರೆ ಎಂದು ತಿಳಿದವರ ನೋಟ ಅದು.

ಭಾನುವಿನ ಕೈಗಳು ಅರ್ಧ ದಾರಿ ಹೋಗಿದ್ದವು. ಅವು ಹೋದದ್ದು ಅವಳಿಗೇ ಆಮೇಲೆ ಕಂಡಿತು. ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಳು.

"ಅಕ್ಕೋ!" ಕಾರಿನ ಕಿಟಕಿಯಿಂದ ಶಾಂತಿ ಕೂಗಿದಳು. "ಇಂಜಿನ್ ಸುಮ್ಕೆ ಓಡ್ತಾ ಅದೆ, ಪೆಟ್ರೋಲು! ಬಂದಿಯಾ, ಆಫ್ ಮಾಡ್ಲಾ?"

"ಮಾಡ್ಬ್ಯಾಡ, ಬಂದೆ," ಎಂದು ಭಾನು ತಿರುಗಿದಳು. ಜಗಲಿಯ ಮೆಟ್ಟಿಲಲ್ಲಿ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು, ಸ್ವಾಮಿಯವರ ಕಡೆ ಮುಖ ಮಾಡಿದವಳ ಮಾತು ಶುರುವಾದದ್ದು ಮೆಲ್ಲಗೆ, ಆದರೆ ಕಾಲುಗಳು ಆಗಲೇ ಕಾರಿನ ಕಡೆ ನಡೆಯತೊಡಗಿದ್ದವು: "ಅವು ಅಲ್ಲೇ ಮಣೆ ಮ್ಯಾಲೆ ಇರ್ಲಿ ಸಾರ್, ದಿನಾ ಹೂವ ನಾನೇ ತಂದಿಡ್ತೀನಿ, ಆದ್ರೆ ನಾಳೆ ಆರು ಗಂಟೆಗೆ ಈ ಗಾಡೀಲಿ ಹೆಂಗುಸ್ರನ್ನ ಬುಟ್ರೆ ಬ್ಯಾರೆ ಏನೂ ಇರಾಕಿಲ್ಲ."